ಮೊದಲು ತೂತು ನೋಡಿ, ಆಮೇಲೆ ಟಾಪ್

ಮಡಚುವ ಟಾಪ್ (ಬಟ್ಟೆಯ ಚಾವಣಿ) ಇರುವ ಕಾರಿನೊಳಗೆ ನೀರು ಬಂದರೆ ಟಾಪ್ ಬಟ್ಟೆ ಬದಲಿಸಿ ಎಂದು ಲೇಖನದಲ್ಲಿ ಬರೆದಿದ್ದೀರಿ. ದಯವಿಟ್ಟು ಅದಕ್ಕೂ ಮೊದಲು ನೀರು ಹೋಗುವ ತೂತುಗಳನ್ನು ನೋಡಲು ಹೇಳಿ. ನಾನು ಇಂಗ್ಲೆಂಡಿನಲ್ಲಿದ್ದೇನೆ. ಹೋದ ಅಕ್ಟೋಬರಿನಲ್ಲಿ ನನ್ನ ಹಳೆಯ ಎರಡು ಸೀಟಿನ ಕಾರಿನ ಕಾರ್ಪೆಟ್ ಹಿಂಡಿದರೆ ನೀರು ಸುರಿಯುತ್ತಿತ್ತು. ಟಾಪ್‌ನಲ್ಲಿ ಒಂದು ಹರಕೂ ಇರಲಿಲ್ಲ.

ಮಜ್ದಾ ಎಂಎಕ್ಸ್-5 ತರಹದ ಕಾರುಗಳಲ್ಲಿ ಟಾಪ್ ಮೇಲೆ ಬಿದ್ದ ಮಳೆ ಹಿಂದಿನ ಅಂಚಿನ ಕಾಲುವೆಗೆ ಇಳಿಯುತ್ತದೆ. ಅಲ್ಲಿಂದ ಸೀಟುಗಳ ಹಿಂದೆ, ಎರಡೂ ಬದಿಯಲ್ಲಿರುವ ಕೊಳವೆಗಳ ಮೂಲಕ ಕಾರಿನಡಿಗೆ ಹೋಗುತ್ತದೆ. ಮರದ ಕೆಳಗೆ ನಿಲ್ಲಿಸಿದರೆ ಎಲೆ ಕೊಳೆತು ಅಲ್ಲೇ ಕೆಸರಾಗುತ್ತದೆ. ಆಗ ನೀರು ಒಳಗೇ ಬರಬೇಕು ಅಲ್ವಾ?

ಕೆಸರು ತೆಗೆಯಲು ಗಟ್ಟಿ ತಂತಿ ತುರುಕಬೇಡಿ, ಕೊಳವೆ ಹರಿದುಹೋಗಬಹುದು. ಜೋರಾಗಿ ಗಾಳಿ ಬಿಟ್ಟರೆ ಕೊಳವೆ ಜಾಗದಿಂದ ಕಳಚಿಕೊಳ್ಳಬಹುದು, ಆಮೇಲೆ ಕಷ್ಟ ಜಾಸ್ತಿ. ನಾನು ಮೆತ್ತನೆಯ ಪ್ಲಾಸ್ಟಿಕ್ ಟ್ಯೂಬನ್ನು ತಿರುಗಿಸುತ್ತಾ ನಿಧಾನವಾಗಿ ಇಳಿಸಿದೆ. ಕಪ್ಪು ಕೆಸರು ಬಂತು. ಒಂದು ಲೋಟ ನೀರು ಹಾಕಿ, ಕೆಳಗೆ ಬೀಳುವುದನ್ನು ಬಗ್ಗಿ ನೋಡಿದೆ. ಎಷ್ಟು ಸಮಾಧಾನ ಆಯಿತು ಗೊತ್ತಾ!

ಇನ್ನೊಂದು ಮಾತು. ಕಾರ್ಪೆಟ್ ಕೆಳಗಿನ ಸ್ಪಂಜನ್ನೂ ತೆಗೆದು ಒಣಗಿಸಿ. ಮೇಲೆ ಒಣಗಿದಂತೆ ಕಂಡರೂ ಅದು ವಾರಗಟ್ಟಲೆ ಒದ್ದೆ ಇರುತ್ತದೆ, ಕೆಳಗಿನ ತಗಡಿಗೆ ತುಕ್ಕು ಹಿಡಿಯುತ್ತದೆ.