ಕೊನೇ ಪಂಕ್ತಿ ಅಂತ ಕೂರಿಸಿ ಮೂರು ವರ್ಷ ಕಾಯಿಸಿದರು

ಮೊದಲೇ ಹೇಳಿಬಿಡುತ್ತೇನೆ. ‘ಅಟ್ಯಾಕ್ ಆನ್ ಟೈಟನ್’ ಅನ್ನುವ ಜಪಾನಿ ಆನಿಮೇಷನ್ ಸರಣಿಯನ್ನು ಪೂರ್ತಿ ನೋಡದವರು ಇಲ್ಲಿಂದಲೇ ಎದ್ದು ಹೋಗಿ. ಕೊನೆಗೆ ಯಾರು ಸಾಯುತ್ತಾರೆ, ಯಾರು ಕೊಲ್ಲುತ್ತಾರೆ, ಎಲ್ಲಾ ಇದರಲ್ಲಿದೆ. ಆಮೇಲೆ ನನ್ನನ್ನು ಬೈಯಬೇಡಿ. ಇವತ್ತು ಬೈಯುವ ಸರದಿ ನನ್ನದು.

2013ರಲ್ಲಿ ನಾನು ಬಳ್ಳಾರಿಯಲ್ಲಿ ಪಿಯುಸಿ ಓದುತ್ತಿದ್ದೆ. ಗೆಳೆಯನೊಬ್ಬ ಪೆನ್‌ಡ್ರೈವ್ ಕೈಗಿಟ್ಟು, “ಕಾರ್ಟೂನ್ ಅಲ್ಲಲೇ ಇದು, ಸುಮ್ನೆ ನೋಡು” ಅಂದ. 25 ಎಪಿಸೋಡ್ ಇದ್ದವು. ನಮ್ಮ ಮನೆ ಕೆಳಗೆ ಅಪ್ಪನ ಜೀನ್ಸ್ ಹೊಲಿಗೆ ಕೆಲಸ. ಮಷಿನ್ ಸದ್ದು ಮೇಲಿನವರೆಗೂ ಕೇಳುತ್ತದೆ. ಒಂದೇ ಕಿವಿಗೆ ಕೇಳಿಸುವ ಇಯರ್‌ಫೋನ್ ಹಾಕಿಕೊಂಡು ಮೊದಲನೇ ಎಪಿಸೋಡ್ ನೋಡಿದೆ. ಟೈಟನ್ ಅಂದರೆ ಮನುಷ್ಯರನ್ನು ತಿನ್ನುವ ದೈತ್ಯ. ಅವು ಒಳಗೆ ಬರದ ಹಾಗೆ 50 ಮೀಟರ್ ಎತ್ತರದ ಗೋಡೆ. ಅದರ ಮೇಲಿಂದ ಇಣುಕುವ 60 ಮೀಟರ್ ಟೈಟನ್. ಕಥಾನಾಯಕ ಎರೆನ್ ಕಣ್ಣೆದುರೇ ಅವನ ತಾಯಿಯನ್ನು ಟೈಟನ್ ತಿಂದಿತು. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಎರಡನೇ ಸೀಸನ್ ಬಂದಿದ್ದು 2017ಕ್ಕೆ. ನಾಲ್ಕು ವರ್ಷ ಕಾದೆವು, ಯಾರೂ ಗೊಣಗಲಿಲ್ಲ. ಯಾಕಂದ್ರೆ ಕಾದಿದ್ದಕ್ಕೆ ತಕ್ಕ ಹಾಗೆ ಕೊಡುತ್ತಿದ್ದರು. ಎರೆನ್ ಜೊತೆಗಿದ್ದ ಸೈನಿಕ ರೈನರ್, ಗೋಡೆ ಒಡೆದ ಆ ಕವಚದ ಟೈಟನ್ ತಾನೇ ಅಂತ ಹೇಳುವ ದೃಶ್ಯ ನೆನಪಿದೆಯಾ? ಪಕ್ಕದಲ್ಲಿ ಬೇರೆಯವರು ಬೇರೇನೋ ಮಾತಾಡುತ್ತಿದ್ದಾರೆ. ಇವನು ಸಂತೆಯಲ್ಲಿ ಈರುಳ್ಳಿ ರೇಟು ಹೇಳಿದ ಹಾಗೆ ಆ ಮಾತು ಹೇಳಿಬಿಡುತ್ತಾನೆ. ನಾನು ಹಿಂದಕ್ಕೆ ಹೋಗಿ ಎರಡು ಸಲ ನೋಡಿದೆ, ಸರಿಯಾಗಿ ಕೇಳಿಸಿಕೊಂಡೆನಾ ಅಂತ. ಆಮೇಲೆ ಎರೆನ್ ಮನೆಯ ನೆಲಮಾಳಿಗೆ. ಅಲ್ಲಿ ಏನಿದೆ ಅನ್ನುವ ಪ್ರಶ್ನೆ ಹುಟ್ಟಿದ್ದು 2013ರಲ್ಲಿ, ಉತ್ತರ ಸಿಕ್ಕಿದ್ದು 2019ರಲ್ಲಿ. ಆ ಉತ್ತರ ಇಡೀ ಕಥೆಯನ್ನೇ ತಿರುಗಿಸಿ ಹಾಕಿತು. ಗೋಡೆಯಾಚೆ ಇರುವುದು ರಾಕ್ಷಸರಲ್ಲ, ಮನುಷ್ಯರು! ಇಷ್ಟು ಚೆನ್ನಾಗಿ ಕಟ್ಟಿದವರೇ ಕೊನೆಗೆ ಹೀಗೆ ಮಾಡಿದರಲ್ಲ ಅನ್ನುವುದೇ ನನ್ನ ಹೊಟ್ಟೆಯುರಿ. ಮೊದಲಿಂದಲೂ ಕೆಟ್ಟದಾಗಿದ್ದಿದ್ದರೆ ಯಾರು ತಲೆ ಕೆಡಿಸಿಕೊಳ್ಳುತ್ತಿದ್ದರು?

ಮೊದಲು ಆ ಹೆಸರಿನ ಮೋಸ ನೋಡಿ. 2020ರ ಡಿಸೆಂಬರ್‌ನಲ್ಲಿ ‘ಫೈನಲ್ ಸೀಸನ್’ ಅಂತ ಶುರು ಮಾಡಿದರು. 16 ಎಪಿಸೋಡ್ ಆದ ಮೇಲೆ ನಿಂತಿತು. 2022ರ ಜನವರಿಯಲ್ಲಿ ಪಾರ್ಟ್ 2, ಅದು 12 ಎಪಿಸೋಡ್. ಆಗಲೂ ಮುಗಿಯಲಿಲ್ಲ. 2023ರ ಮಾರ್ಚ್‌ನಲ್ಲಿ ‘ಫೈನಲ್ ಚಾಪ್ಟರ್ಸ್, ಸ್ಪೆಷಲ್ 1’. ನವೆಂಬರ್‌ನಲ್ಲಿ ‘ಸ್ಪೆಷಲ್ 2’. ಮದುವೆ ಮನೆಯಲ್ಲಿ ಕೊನೇ ಪಂಕ್ತಿ ಬನ್ನಿ ಬನ್ನಿ ಅಂತ ಕರೆದು, ಎಲೆ ಹಾಕಿ, ಉಪ್ಪು ಉಪ್ಪಿನಕಾಯಿ ಬಡಿಸಿ, ಅನ್ನ ಇನ್ನೂ ಬೇಯುತ್ತಿದೆ, ಮುಂದಿನ ವರ್ಷ ಬನ್ನಿ ಅಂದರೆ ಹೇಗಿರುತ್ತದೆ? ಚಿತ್ರ ಬಿಡಿಸುವುದು ಕಷ್ಟದ ಕೆಲಸ, ಒಪ್ಪುತ್ತೇನೆ. ಕೆಲಸಗಾರರನ್ನು ಅರೆದು ಬೇಗ ಕೊಡಿ ಅಂತ ನಾನೂ ಕೇಳುವುದಿಲ್ಲ. ಹಾಗಾದರೆ ಫೈನಲ್ ಅಂತ ಹೆಸರಿಡಬೇಡಿ, ಅಷ್ಟೇ. ಈ ಮಧ್ಯೆ 2021ರ ಏಪ್ರಿಲ್‌ನಲ್ಲೇ ಮಾಂಗಾ, ಅಂದರೆ ಇದರ ಮೂಲ ಕಾಮಿಕ್ಸ್, ಮುಗಿದಿತ್ತು. ಅದನ್ನು ಓದಿದವರೆಲ್ಲ ನಮ್ಮ ಮುಖ ನೋಡಿ ನಗುತ್ತಾ ಓಡಾಡುತ್ತಿದ್ದರು.

ಆ ನವೆಂಬರ್ 5 ಭಾನುವಾರ. ಕೋಲ್ಕತ್ತಾದಲ್ಲಿ ದಕ್ಷಿಣ ಆಫ್ರಿಕಾ ಜೊತೆ ವರ್ಲ್ಡ್ ಕಪ್ ಮ್ಯಾಚ್. ಕೆಳಗೆ ಹಾಲ್‌ನಲ್ಲಿ ಮನೆಮಂದಿಯೆಲ್ಲ ಒಗ್ಗರಣೆ ಮಿರ್ಚಿ ಹಿಡಿದುಕೊಂಡು ಟಿವಿ ಮುಂದೆ. ನಾನೊಬ್ಬನೇ ಮೇಲೆ, ಬಾಗಿಲು ಹಾಕಿಕೊಂಡು ಮೊಬೈಲ್ ಮುಂದೆ. ಕೊಹ್ಲಿ ತನ್ನ ಹುಟ್ಟುಹಬ್ಬದ ದಿನವೇ 49ನೇ ಏಕದಿನ ಸೆಂಚುರಿ ಹೊಡೆದು ಸಚಿನ್ ದಾಖಲೆ ಸರಿಗಟ್ಟಿದ. ಅದನ್ನೂ ಬಿಟ್ಟು ನಾನು ನೋಡಿದ್ದು ಏನು ಗೊತ್ತಾ?

ಎರೆನ್ ಭೂಮಿಯ ಶೇಕಡ 80 ಜನರನ್ನು ಟೈಟನ್‌ಗಳ ಕಾಲಲ್ಲಿ ತುಳಿಸಿ ಕೊಲ್ಲುತ್ತಾನೆ. ಸರಿ, ಭಯಂಕರ, ಕಥೆ ಅಲ್ಲಿಗೇ ಹೋಗುತ್ತಿತ್ತು. ಯಾಕೆ ಮಾಡಿದೆ ಅಂತ ಬಾಲ್ಯದ ಗೆಳೆಯ ಆರ್ಮಿನ್ ಕೇಳಿದಾಗ ಇವನ ಉತ್ತರ? ಗೆಳೆಯರು ಲೋಕದ ಕಣ್ಣಲ್ಲಿ ವೀರರಾಗಲಿ ಅಂತ ಒಮ್ಮೆ. ಹೀಗೇ ಆಗಬೇಕು ಅಂತ ಮೊದಲೇ ಇತ್ತು ಅಂತ ಇನ್ನೊಮ್ಮೆ. ನಾನೊಬ್ಬ ದಡ್ಡ, ಕೈಗೆ ಶಕ್ತಿ ಸಿಕ್ಕಿತು, ಮಾಡಿಬಿಟ್ಟೆ ಅನ್ನುವ ಅರ್ಥದ ಮಾತು ಮತ್ತೊಮ್ಮೆ. ಹತ್ತು ವರ್ಷ ನಾವು ಕಾದಿದ್ದು ಈ ಉತ್ತರಕ್ಕಾ? ಅಷ್ಟು ದೊಡ್ಡ ವಿಷಯವನ್ನು ಇಬ್ಬರು ಕೂತು ಮಾತಾಡುವ ಒಂದು ದೃಶ್ಯದಲ್ಲಿ ತುರುಕಿದ್ದಾರೆ. ಹಿಂದೆ ಇದೇ ಕಥೆ ಒಂದು ನೋಟದಲ್ಲಿ, ಒಂದು ಬೀಗದ ಕೈಯಲ್ಲಿ ಹೇಳುತ್ತಿತ್ತು. ಆಮೇಲೆ ಜೊತೆಗೇ ಬೆಳೆದ ಮಿಕಾಸಾ ವಿಷಯಕ್ಕೆ ಬಂದು, ನಾನು ಸತ್ತ ಮೇಲೆ ಹತ್ತು ವರ್ಷವಾದರೂ ಅವಳು ನನ್ನನ್ನೇ ನೆನೆಯಬೇಕು ಅಂತ ಗೋಳಾಡುತ್ತಾನೆ. ಅಷ್ಟು ಜನರನ್ನು ಕೊಂದವನಿಗೆ ಇದರ ಚಿಂತೆ! ಅವನೂ ಮನುಷ್ಯನೇ ಅಲ್ವಾ ಅನ್ನುತ್ತಾರೆ ಕೆಲವರು. ಇರಬಹುದು. ನನಗೆ ಮಾತ್ರ ಮೈ ಉರಿಯಿತು.

ಇನ್ನೊಂದು. ಎರೆನ್‌ನನ್ನು ತಡೆಯಲು ಹೋದ ಜಾನ್, ಕಾನಿ, ಗ್ಯಾಬಿ ಎಲ್ಲರೂ ಟೈಟನ್ ಆಗಿಬಿಡುತ್ತಾರೆ. ಅಯ್ಯೋ ಹೋದರಲ್ಲ ಅಂತ ಎದೆ ಹಿಂಡಿತು. ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಎಲ್ಲರೂ ವಾಪಸ್ ಮನುಷ್ಯರು! ಇದು ಯಾವ ಕಥೆ? ಮುಖ್ಯ ಪಾತ್ರ ಅಂತಲೂ ನೋಡದೆ ಸಾಯಿಸುತ್ತಿದ್ದ ಕಥೆ ಇದು. ಎರಡು ಸಾವಿರ ವರ್ಷದ ಹಿಂದಿನ ಮೊದಲ ಟೈಟನ್ ಯಿಮಿರ್, ತನ್ನನ್ನು ನಾಯಿಗಿಂತ ಕಡೆಯಾಗಿ ಕಂಡ ರಾಜನನ್ನೇ ಪ್ರೀತಿಸುತ್ತಿದ್ದಳಂತೆ. ಅದಕ್ಕೇ ಇಷ್ಟೆಲ್ಲ ಆಯಿತಂತೆ. ಅದರ ಬಗ್ಗೆ ಮಾತಾಡಲು ನನಗೆ ಶಕ್ತಿ ಇಲ್ಲ.

ಎಲ್ಲಾ ಕೆಟ್ಟಿದೆ ಅಂದರೆ ಸುಳ್ಳಾಗುತ್ತದೆ. ಸತ್ತ ಗೆಳೆಯರಿಗೆ ಕ್ಯಾಪ್ಟನ್ ಲೀವಾಯ್ ಸೆಲ್ಯೂಟ್ ಹೊಡೆಯುವಾಗ ಅತ್ತಿದ್ದೇನೆ. ಮಾಂಗಾದಲ್ಲಿ ಆರ್ಮಿನ್ ಎರೆನ್‌ಗೆ ಥ್ಯಾಂಕ್ಸ್ ಹೇಳುವ ಅಸಹ್ಯದ ಮಾತಿತ್ತು, ಅದನ್ನು ಬದಲಾಯಿಸಿದ್ದು ಒಳ್ಳೇದಾಯಿತು. ನರಕಕ್ಕೆ ಇಬ್ಬರೂ ಒಟ್ಟಿಗೇ ಹೋಗೋಣ ಅನ್ನುತ್ತಾನೆ ಈಗ. ಚಿತ್ರ, ಸಂಗೀತಕ್ಕೆ ಹೆಸರಿಡುವ ಹಾಗಿಲ್ಲ. ಹಾಗಾಗಿಯೇ ಸಿಟ್ಟು ಜಾಸ್ತಿ.

ನಮ್ಮೂರ ಕೋಟೆಗೆ ಒಂದು ಕಥೆ ಇದೆ, ಬಳ್ಳಾರಿಯವರಿಗೆ ಗೊತ್ತು. ಹೈದರ್ ಅಲಿ ಫ್ರೆಂಚ್ ಎಂಜಿನಿಯರ್ ಒಬ್ಬನ ಕೈಲಿ ಗುಡ್ಡದ ಕೋಟೆ ಗಟ್ಟಿ ಮಾಡಿಸಿದನಂತೆ. ಕೆಲಸ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ! ಅಲ್ಲಿ ಒಂದು ತೋಪು ಇಟ್ಟರೆ ಕೋಟೆ ಕಥೆ ಮುಗಿಯಿತು. ಎಂಜಿನಿಯರನನ್ನು ಗಲ್ಲಿಗೇರಿಸಿದರಂತೆ. ನಾನು ಯಾರಿಗೂ ಗಲ್ಲು ಕೇಳುತ್ತಿಲ್ಲ. ಆದರೆ 87 ಎಪಿಸೋಡ್ ಗೋಡೆ ಕಟ್ಟುವಾಗ, ‘ಎರೆನ್ ಯಾಕೆ ಹೀಗೆ ಮಾಡಿದ’ ಅನ್ನುವ ಗುಡ್ಡ ಎದುರಿಗೇ ನಿಂತಿತ್ತಲ್ಲ, ಒಮ್ಮೆ ತಲೆಯೆತ್ತಿ ನೋಡಬಾರದಿತ್ತಾ?

ಮುಗಿಸಿ ಕೆಳಗೆ ಬಂದೆ. ಬೀದಿಯಲ್ಲಿ ಪಟಾಕಿ. ಅಪ್ಪನ ಮುಖದಲ್ಲಿ ಕೊಹ್ಲಿ ಕಳೆ. ಅಮ್ಮ ನನ್ನ ಮುಖ ನೋಡಿ, “ಯಾಕೋ, ಯಾರು ಸತ್ತಾರ?” ಅಂದಳು. “ಎರೆನ್” ಅಂದೆ. “ಯಾರವನು? ನಿನ್ನ ಕೂಡ ಓದಿದವನಾ?” ಅಂದಳು. ಹೌದು ಅಂತ ಹೇಳಿ ಮಿರ್ಚಿ ತಟ್ಟೆ ಹತ್ತಿರ ಎಳೆದುಕೊಂಡೆ. ಆರಿಹೋಗಿತ್ತು.

ಈಗ ಅಕ್ಕನ ಮಗ ನನ್ನ ಅಕೌಂಟ್‌ನಲ್ಲೇ ಮೊದಲನೇ ಸೀಸನ್ ನೋಡುತ್ತಿದ್ದಾನೆ. ದಿನಾ ಬಂದು, “ಮಾಮಾ, ನೆಲಮಾಳಿಗೇಲಿ ಏನೈತಿ ಹೇಳು” ಅಂತ ಜೀವ ತಿನ್ನುತ್ತಾನೆ. ಹೇಳುವುದಿಲ್ಲ. ಮೂರನೇ ಸೀಸನ್ ಮುಗಿಸಿ ಅವರೆಲ್ಲ ಸಮುದ್ರ ನೋಡಿದ ಅವತ್ತೇ ಪಾಸ್‌ವರ್ಡ್ ಬದಲಾಯಿಸುತ್ತೇನೆ.