ಕುದುರೆಗೊಂದು ಗಾಡಿ

ಇಂಗ್ಲೆಂಡಿನಲ್ಲಿರುವ ನಮ್ಮ ಭಾವನವರು ಮಗಳಿಗೆಂದು ಕುದುರೆ ಕೊಂಡ ಸುದ್ದಿ ಶಿರ್ವದ ಮನೆಗೆ ತಲುಪಿದಾಗ ಯಾರಿಗೂ ಅಷ್ಟೇನೂ ಆಶ್ಚರ್ಯವಾಗಲಿಲ್ಲ; ಕಂಬಳದ ಕೋಣ ಸಾಕಿದ ಮನೆಯ ಹುಡುಗಿ ಮೊಲ ಸಾಕಿದ್ದರೆ ಆಗ ಯೋಚಿಸಬೇಕಿತ್ತು ಎಂದು ಸೋದರಮಾವ ಹೇಳಿ ಮುಗಿಸಿದರು. ಆಶ್ಚರ್ಯವಾದದ್ದು ತಿಂಗಳ ಬಳಿಕ, ಅದೇ ಭಾವನವರು ಫೋನು ಮಾಡಿ, ಕುದುರೆಯನ್ನು ಪಂದ್ಯಗಳಿಗೆ ಸಾಗಿಸಲು ವ್ಯಾನು ಕೊಳ್ಳುವುದು ಒಳ್ಳೆಯದೋ, ಕಾರಿನ ಹಿಂದೆ ಕಟ್ಟಿ ಎಳೆಯುವ ಟ್ರೇಲರ್ ಒಳ್ಳೆಯದೋ ಎಂದು ಮಾವನನ್ನೇ ಕೇಳಿದಾಗ.

ಮದುವೆಯ ಮೆರವಣಿಗೆಯಲ್ಲಿ ಬಿಟ್ಟರೆ ಮಾವ ಕುದುರೆಯನ್ನು ಹತ್ತಿರದಿಂದ ಕಂಡವರಲ್ಲ. ಆದರೆ ನವೆಂಬರಿನಿಂದ ಮಾರ್ಚ್‌ವರೆಗೆ ಮಿಯ್ಯಾರು, ಮೂಡುಬಿದಿರೆ, ಐಕಳ, ಪುತ್ತೂರು, ಉಪ್ಪಿನಂಗಡಿ ಎಂದು ಶನಿವಾರಗಳನ್ನೆಲ್ಲ ಲಾರಿಯ ಮೇಲೆಯೇ ಕಳೆದವರು. 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳವಾದಾಗ ಗೆಳೆಯರೊಬ್ಬರ ಕೋಣಗಳ ಜೊತೆ ಘಟ್ಟ ಹತ್ತಿದವರು. ಶಿರಾಡಿಯ ತಿರುವಿನಲ್ಲಿ ಕೋಣ ಹೇಗೆ ನಾಲ್ಕೂ ಕಾಲನ್ನು ಅಗಲಿಸಿ, ತಲೆ ತಗ್ಗಿಸಿ ಭಾರ ಹಂಚಿಕೊಳ್ಳುತ್ತದೆ ಎಂಬುದನ್ನು ಅವರು ಊಟದ ಎಲೆಯ ಮುಂದೆ ಕುಳಿತೇ ಅಭಿನಯಿಸಿ ತೋರಿಸಬಲ್ಲರು. ನಾಲ್ಕು ಕಾಲಿನ, ಅರ್ಧ ಟನ್ನು ತೂಕದ, ಹೇಳಿದ್ದಕ್ಕೆಲ್ಲ ತಲೆಯಾಡಿಸದ ಪ್ರಾಣಿಯ ವಿಷಯವಾದರೆ ಅದಕ್ಕೆ ಕೊಂಬಿದೆಯೋ ಕೇಸರವಿದೆಯೋ ಎಂಬುದು ಅವರಿಗೆ ಎರಡನೆಯ ಮಾತು.

ಭಾವನವರು ಲೆಕ್ಕದ ಮನುಷ್ಯ. ಎರಡು ಪಟ್ಟಿ ಮಾಡಿಕೊಂಡೇ ಕುಳಿತಿದ್ದರು. ಆ ದೇಶದಲ್ಲಿ ಕಾರಿನ ಲೈಸೆನ್ಸಿನಲ್ಲಿ ಓಡಿಸಬಹುದಾದ ಕುದುರೆ ವ್ಯಾನಿನ ಒಟ್ಟು ತೂಕ 3,500 ಕಿಲೋ ಮೀರಬಾರದು. ಅದರಲ್ಲಿ ವ್ಯಾನಿನ ಸ್ವಂತ ತೂಕ ಕಳೆದರೆ ಒಂದು ಟನ್ನಿನ ಆಸುಪಾಸು ಉಳಿಯುತ್ತದೆ. ಒಂದು ಕುದುರೆಗೆ ಅದು ಧಾರಾಳ. ಎರಡು ದೊಡ್ಡ ಕುದುರೆ, ಜೀನು, ಹುಲ್ಲು, ನೀರಿನ ಕ್ಯಾನು, ಜೊತೆಗೆ ಮನೆಮಂದಿ ಎಂದರೆ ದಾರಿಯಲ್ಲಿ ತೂಕ ಮಾಡುವವರು ಕೈ ಅಡ್ಡ ಹಿಡಿದ ಹಾಗೆಯೇ. ಟ್ರೇಲರಿಗೆ ಆ ಇಕ್ಕಟ್ಟು ಕಡಿಮೆ, ಬೆಲೆಯೂ ಕಡಿಮೆ. ಅದನ್ನು ಎಳೆಯಬಲ್ಲ ಜೀಪು ಹೇಗೂ ಮನೆಯಲ್ಲಿದೆ. 1997ರ ಜನವರಿಯಿಂದೀಚೆಗೆ ಕಾರಿನ ಪರೀಕ್ಷೆ ಪಾಸಾದವರು ದೊಡ್ಡ ಟ್ರೇಲರ್ ಎಳೆಯಬೇಕಾದರೆ ಅಲ್ಲಿ ಮತ್ತೊಂದು ಪರೀಕ್ಷೆ ಕೊಡಬೇಕಿತ್ತು. 2021ರ ಡಿಸೆಂಬರಿನಲ್ಲಿ ಅದನ್ನೂ ತೆಗೆದುಹಾಕಿದ್ದಾರೆ. ಇಷ್ಟನ್ನು ಹೇಳಿ ಭಾವನವರು ನಿಲ್ಲಿಸಿದಾಗ ಮಾವ ಕೇಳಿದ್ದು ಒಂದೇ: "ನಿಮಗೆ ರಿವರ್ಸ್ ಬರ್ತದಾ ಅಳಿಯಂದಿರೇ?"

ಈ ಪ್ರಶ್ನೆಯ ಹಿಂದೆ ಒಂದು ಕಥೆಯಿದೆ. ಒಂದು ವರ್ಷ ನಮ್ಮ ಲಾರಿ ಕೆಟ್ಟು, ಪಕ್ಕದ ಮನೆಯವರ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಕೋಣಗಳನ್ನು ಕಟಪಾಡಿಗೆ ಒಯ್ಯುವುದೆಂದಾಯಿತು. ಹೋಗುವಾಗ ಸುಖವಾಗಿಯೇ ಹೋದೆವು. ಹಿಂದಿರುಗುವ ಹೊತ್ತಿಗೆ ಗದ್ದೆಯ ತುಂಬ ವಾಹನಗಳು, ಹಿಂದಕ್ಕೆ ತೆಗೆಯದೆ ದಾರಿಯಿಲ್ಲ. ಸ್ಟಿಯರಿಂಗ್ ಬಲಕ್ಕೆ ತಿರುಗಿಸಿದರೆ ಟ್ರೇಲರ್ ಎಡಕ್ಕೆ ಹೋಗುತ್ತದೆ ಎಂಬ ಸರಳ ಸತ್ಯವನ್ನು ನಡುರಾತ್ರಿ ಎರಡು ಗಂಟೆಗೆ, ಹತ್ತು ಜನ ಹತ್ತು ದಿಕ್ಕಿನಿಂದ "ಬರ್ಲಿ, ಬರ್ಲಿ" ಎಂದು ಕೂಗುತ್ತಿರುವಾಗ ಅರಗಿಸಿಕೊಳ್ಳುವುದು ಕಷ್ಟ. ಮೂರನೆಯ ಪ್ರಯತ್ನದಲ್ಲಿ ಟ್ರ್ಯಾಕ್ಟರೂ ಟ್ರೇಲರೂ ಮಡಚಿದ ಕೊಡೆಯಂತಾದವು. ಕೋಣಗಳನ್ನು ಇಳಿಸಿ, ಕೊಂಡಿ ಬಿಚ್ಚಿ, ಟ್ರೇಲರನ್ನು ಜನರೇ ತಳ್ಳಿ ಸರಿಪಡಿಸಿದೆವು. ಮಾವನ ಕೋಪವೆಲ್ಲ ಕೊಂಡಿಯ ಮೇಲೆ. ನನ್ನ ಅಭಿಪ್ರಾಯ ಬೇರೆ: ಕೊಂಡಿ ಬಿಚ್ಚಲು ಬಂದದ್ದರಿಂದಲೇ ಅಂದು ಮನೆ ಸೇರಿದೆವು, ಲಾರಿಯಾಗಿದ್ದರೆ ಬೆಳಗಿನವರೆಗೆ ಅಲ್ಲೇ. ವ್ಯಾನಿನ ಎಂಜಿನ್ ದಾರಿಯಲ್ಲಿ ಕೈಕೊಟ್ಟರೆ ಪ್ರಾಣಿಯೂ ಅದರೊಳಗೇ ಬಾಕಿ. ಟ್ರೇಲರಿಗಾದರೆ ಇನ್ನೊಂದು ಜೀಪು ಹೂಡಿದರಾಯಿತು. ಇದನ್ನು ನಾನು ಮಾವನೆದುರು ಹೇಳಲಿಲ್ಲ, ಭಾವನಿಗೆ ಮೆಸೇಜು ಮಾಡಿದೆ.

ಭಾರ ಕೂರಿಸುವ ವಿಷಯಕ್ಕೆ ಬಂದಾಗ ಮಾತ್ರ ಎರಡು ದೇಶಗಳೂ ಒಂದಾದವು. ಟ್ರೇಲರಿನ ತೂಕ ಅಚ್ಚಿನಿಂದ ತುಸು ಮುಂದಿದ್ದು ಕೊಂಡಿಯನ್ನು ಹದವಾಗಿ ಒತ್ತುತ್ತಿರಬೇಕು. ಹಿಂಭಾರವಾದರೆ ವೇಗ ಹೆಚ್ಚಿದಂತೆ ಟ್ರೇಲರ್ ಹಾವಿನ ಹಾಗೆ ಹೊಯ್ದಾಡತೊಡಗಿ ಕೊನೆಗೆ ಎಳೆಯುವ ಗಾಡಿಯನ್ನೂ ಎಳೆದಾಡುತ್ತದೆ. ಇದು ಎತ್ತಿನ ಗಾಡಿ ಹೂಡಿದ ಎಲ್ಲರಿಗೂ ಗೊತ್ತಿರುವುದೇ ಎಂದರು ಮಾವ. ಎರಡು ಕುದುರೆಗೆ ಜಾಗವಿರುವ ಟ್ರೇಲರಿನಲ್ಲಿ ಒಂದೇ ಹೋಗುವುದಾದರೆ ಅದನ್ನು ಬಲಬದಿಯಲ್ಲಿ ನಿಲ್ಲಿಸಬೇಕಂತೆ ಎಂದು ಭಾವ ಓದಿ ಹೇಳುವಷ್ಟರಲ್ಲಿ ಮಾವ ಕಾರಣವನ್ನೂ ಹೇಳಿಬಿಟ್ಟರು. ಮಳೆನೀರು ಹರಿಯಲೆಂದು ರಸ್ತೆಯ ನಡು ಉಬ್ಬಿರುತ್ತದೆ, ಎಡಗಡೆ ಓಡುವ ಗಾಡಿ ಸದಾ ಎಡಕ್ಕೆ ವಾಲಿರುತ್ತದೆ, ಆದ್ದರಿಂದ ಭಾರ ಬಲಕ್ಕೆ. ಜೋಡಿಯಲ್ಲಿ ದಪ್ಪಗಿನ ಕೋಣವನ್ನು ಅವರು ಯಾವಾಗಲೂ ಲಾರಿಯ ಬಲಗಡೆಗೇ ಕಟ್ಟುತ್ತಿದ್ದುದು ಏಕೆಂದು ನನಗೆ ಅಂದೇ ತಿಳಿದದ್ದು. ನಮ್ಮ ದೇಶದ ಮೋಟಾರು ವಾಹನ ನಿಯಮ ದನ ಎಮ್ಮೆಗಳಿಗೆ ತಲಾ 2 ಚದರ ಮೀಟರ್, ಕುದುರೆಗೆ 2.25 ಚದರ ಮೀಟರ್ ಜಾಗ ಕೊಡಬೇಕೆನ್ನುತ್ತದೆ ಎಂದು ನಾನೂ ನನ್ನ ಪಾಲಿನ ಜ್ಞಾನ ಸೇರಿಸಿದೆ. ಆ ಕಾಲು ಮೀಟರ್ ಯಾತಕ್ಕೆ, ಬಾಲಕ್ಕಾ ಎಂದು ಮಾವ ಕೇಳಿದರು. ಕೋಣಕ್ಕೆ ಅನ್ಯಾಯವಾಯಿತೆಂಬ ಅಸಮಾಧಾನ ಅವರಿಗೆ ಇನ್ನೂ ಹೋಗಿಲ್ಲ.

ಆದರೆ ಮಾವನ ಪ್ರಕಾರ ಇವೆಲ್ಲ ಸಣ್ಣ ಸಂಗತಿಗಳು. ಮುಖ್ಯ ಪ್ರಶ್ನೆ, ಓಡುವ ಗಾಡಿಯಲ್ಲಿ ಪ್ರಾಣಿಯ ಜೊತೆ ಯಾರಿರುತ್ತಾರೆ ಎಂಬುದು. ನಮ್ಮ ಲಾರಿಯಲ್ಲಿ ಬೈಹುಲ್ಲಿನ ಮೇಲೆ, ಎರಡು ಕೋಣಗಳ ನಡುವೆ, ಕೋಣಗಳನ್ನು ನೋಡಿಕೊಳ್ಳುವಾತ ನಿಂತೇ ಬರುತ್ತಾನೆ. ಬ್ರೇಕು ಬಿದ್ದಾಗಲೆಲ್ಲ ತುಳುವಿನಲ್ಲಿ ಏನೋ ಗೊಣಗುತ್ತಾನೆ, ಕೋಣದ ಕಿವಿ ಅತ್ತ ತಿರುಗುತ್ತದೆ, ಕಾಲು ಸಡಿಲವಾಗುತ್ತದೆ. ಕೋಣನ ಮುಂದೆ ಕಿನ್ನರಿ ಎಂಬ ಗಾದೆ ಕಟ್ಟಿದವನು ಕೋಣದ ಲಾರಿಯಲ್ಲಿ ಒಂದು ರಾತ್ರಿಯೂ ಬಂದವನಲ್ಲ. ಟ್ರೇಲರಿನಲ್ಲಿ ಮನುಷ್ಯರು ಕೂರುವ ಪದ್ಧತಿಯಿಲ್ಲ, ಒಳಗೊಂದು ಕ್ಯಾಮರಾ ಇಟ್ಟುಕೊಳ್ಳಬಹುದು ಎಂದು ಭಾವ ಹೇಳಿದಾಗ ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕ್ಯಾಮರಾ ನಮಗೆ ಕುದುರೆಯನ್ನು ತೋರಿಸ್ತದೆ, ಕುದುರೆಗೆ ನಮ್ಮನ್ನು ತೋರಿಸ್ತದಾ?" ಎಂದರು. ಚಾಲಕನ ಹಿಂಬದಿಯ ಗೋಡೆಯಲ್ಲಿ ಕಿಂಡಿಯಿರುವ ವ್ಯಾನುಗಳಿವೆ, ಮಗಳು ಅಲ್ಲಿಂದ ಮಾತಾಡಿಸಬಹುದು ಎಂದು ತಿಳಿದ ಮೇಲೆ ಅವರ ಮತ ವ್ಯಾನಿಗೇ ಬಿತ್ತು.

ಭಾವನವರು ಟ್ರೇಲರ್ ಕೊಳ್ಳುವುದೆಂದು ತೀರ್ಮಾನಿಸಿದರು. ಸಲಹೆ ಕೇಳುವುದಕ್ಕೂ ಹಣ ಕೊಡುವುದಕ್ಕೂ ಇರುವ ದೂರ ಮಾವನಿಗೆ ತಿಳಿಯದ್ದಲ್ಲವಾದ್ದರಿಂದ ಅವರು ಬೇಸರಿಸಲಿಲ್ಲ. ಹಳೆಯದನ್ನು ನೋಡಲು ಹೋಗುವ ದಿನ ತನಗೆ ವಿಡಿಯೋ ಕರೆ ಮಾಡಬೇಕೆಂದು ಮಾತ್ರ ಹೇಳಿದರು. ಅಲ್ಲಿನ ಮಧ್ಯಾಹ್ನ ನಮ್ಮ ಮುಸ್ಸಂಜೆ. ಬಿಳಿ ಬಣ್ಣ ಹೊಳೆಯುವ ಟ್ರೇಲರ್ ಪರದೆಯ ಮೇಲೆ ಬಂತು. ಮಾವ ಬಣ್ಣ ನೋಡಲಿಲ್ಲ. ಮೊದಲು ಟೈರಿನ ಬದಿಯ ನಾಲ್ಕು ಅಂಕಿ ಓದಿಸಿದರು. 1412 ಎಂದರೆ 2012ರ ಹದಿನಾಲ್ಕನೆಯ ವಾರದಲ್ಲಿ ತಯಾರಾದದ್ದು, ಗೀರುಗಳು ಹೊಸದರಂತೆಯೇ ಇದ್ದರೂ ನಿಂತಲ್ಲೇ ಮುಪ್ಪಾದ ಟೈರು. ಆಮೇಲೆ ನೆಲದ ರಬ್ಬರ್ ಹಾಸು ಎತ್ತಲು ಹೇಳಿದರು. ಮಾರುವಾತ ಅದನ್ನು ಎತ್ತುವ ಅಗತ್ಯವಿಲ್ಲ ಎಂದದ್ದು ಇಲ್ಲಿಗೂ ಕೇಳಿಸಿತು. ಹಾಸಿನಡಿಗೆ ಇಳಿದ ಗಂಜಳ ಒಣಗಲು ದಾರಿಯಿಲ್ಲದೆ ಮರವನ್ನು ಒಳಗಿನಿಂದ ತಿನ್ನುತ್ತದೆ. ಭಾವ ಹಲಗೆಗೆ ಸ್ಕ್ರೂಡ್ರೈವರ್ ಒತ್ತಿದರು. ಹಣ್ಣಾದ ಹಲಸಿಗೆ ಕತ್ತಿ ಇಳಿದಂತೆ ಅದು ಹಿಡಿಯವರೆಗೆ ಇಳಿಯಿತು. ಓಡುವ ಗಾಡಿಯಲ್ಲಿ ಅಲ್ಲೊಂದು ಗೊರಸು ಕುಸಿದಿದ್ದರೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಬೇರೆ ನೋಡೋಣ ಎಂದು ಭಾವ ಫೋನು ಇಟ್ಟರು.

ಮಾವ ಸ್ವಲ್ಪ ಹೊತ್ತು ಜಗಲಿಯಲ್ಲಿ ಕುಳಿತೇ ಇದ್ದರು. ಬಳಿಕ ಎದ್ದು, ಕಪಾಟಿನಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು, ಟಾರ್ಚು ತರುವಂತೆ ನನಗೆ ಹೇಳಿ ಲಾರಿ ನಿಲ್ಲಿಸುವ ಕೊಟ್ಟಿಗೆಯ ಕಡೆ ನಡೆದರು. ಹಿಂಬಾಗಿಲು ಇಳಿಸಿ, ಕಳೆದ ಕಂಬಳದ ಬೈಹುಲ್ಲನ್ನು ಕೈಯಿಂದ ಸರಿಸಿ, ಒಂದೊಂದೇ ಹಲಗೆಯನ್ನು ಒತ್ತುತ್ತ ಮುಂದೆ ಸರಿದರು. ಮೊದಲ ಎರಡು ಗಟ್ಟಿಯಿವೆ ಎಂದು ನನಗೆ ಕೇಳುವಂತೆ ಹೇಳಿದರು. ಮೂರನೆಯದರ ಬಳಿ ಏನೂ ಹೇಳಲಿಲ್ಲ.