ಇಯಂ ಆಂಪ್ಲಿಫೈಯರ್!

ಬೆಳಗ್ಗೆ ಏಳಕ್ಕೆ ಐದು ನಿಮಿಷ. ಆಫೀಸಿಗೆ ಹೊರಡುವ ಮುಂಚೆ ಒಂದಿಷ್ಟು ಬ್ಲೂಸ್ ನುಡಿಸೋಣ ಅಂತ ಗಿಟಾರ್ ಹಿಡಿದು ಕೂತೆ. ಗಿಟಾರಿನ ದನಿ ಜೋರು ಮಾಡುವ ಆಂಪ್ ಆನ್ ಮಾಡಿದೆ. ಹಳೇ ರೇಡಿಯೋಗಳಲ್ಲಿ ಇರುತ್ತಿದ್ದಂಥ ಗಾಜಿನ ವಾಲ್ವ್ ಬಿಸಿಯಾಗಲು ಅರ್ಧ ನಿಮಿಷ ಬೇಕು, ಕಾದೆ. ನಾನು ತಂತಿ ಮುಟ್ಟುವ ಮೊದಲೇ ಒಳಗಿಂದ ಒಂದು ಗಂಭೀರ ದನಿ ಬಂತು. "ಇಯಂ ಆಕಾಶವಾಣೀ..."

ತಂತಿ ಮೀಟುವ ಪಿಕ್ ಕೈಜಾರಿ ಬಿತ್ತು. ಅಮ್ಮ ಸೌಟು ಹಿಡಿದುಕೊಂಡೇ ಓಡಿ ಬಂದಳು. "ಪರವಾಗಿಲ್ವೇ, ಕೊನೆಗೂ ಒಂದು ಒಳ್ಳೇ ಸಾಮಾನು ತಂದಿದೀಯ!"

ಸೆಕೆಂಡ್ ಹ್ಯಾಂಡ್ ಸಾಮಾನು ಅದು. ಯಾರೋ ಹವ್ಯಾಸಿ ಮನೆಯಲ್ಲೇ ಜೋಡಿಸಿದ್ದು. 15 ವ್ಯಾಟ್ ತಾನೇ, ಬಲ್ಬಿನಷ್ಟು ಅಂದುಕೊಂಡಿದ್ದೆ. ಆದರೆ ನಮ್ಮ ಕಿವಿಯ ಲೆಕ್ಕವೇ ಬೇರೆ. 10 ವ್ಯಾಟಿನ ಎರಡರಷ್ಟು ಜೋರು ಕೇಳಬೇಕಾದರೆ 100 ವ್ಯಾಟ್ ಬೇಕಂತೆ. ಅಂದರೆ 15 ಅನ್ನೋದು ಬೆಡ್‌ರೂಮಿನಲ್ಲಿ ಆನೆ ಕಟ್ಟಿದ ಹಾಗೆ. ವಾಲ್ಯೂಮ್ ತಿರುಪು 1ರಲ್ಲಿದ್ದರೆ ಮೌನ, 2ಕ್ಕೆ ತಂದರೆ ಮೇಲಿನ ಮನೆಯವರು ಬಾಗಿಲಲ್ಲಿ. ಉಳಿದ ಎಂಟು ಅಂಕಿ ಯಾರಿಗೋ ಗೊತ್ತಿಲ್ಲ. ಪೆಟ್ಟಿಗೆಯ ಹಿಂಭಾಗ ಬೇರೆ ತೆರೆದಿದೆ. ಹಾಗಾಗಿ ಪಕ್ಕದ ಮನೆಯವರಿಗೂ ನನ್ನಷ್ಟೇ ಸಂಗೀತ.

ಸುಳ್ಳು ಯಾಕೆ, ನಾದ ಮಾತ್ರ ಬೆಣ್ಣೆ. ಮೆಲ್ಲಗೆ ಮೀಟಿದರೆ ತಿಳಿಯಾಗಿ ಹಾಡುತ್ತದೆ, ಜೋರಾಗಿ ಮೀಟಿದರೆ ಮುದ್ದಾಗಿ ಗುರ್ ಅನ್ನುತ್ತದೆ. ಬೆರಳಿನ ಮಾತು ಇಷ್ಟು ಚೆನ್ನಾಗಿ ಕೇಳುವ ಡಿಜಿಟಲ್ ಡಬ್ಬ ನಾನು ನೋಡಿಲ್ಲ. ರಿವರ್ಬಿಗೆ, ಅಂದರೆ ದನಿ ಗುಂಯ್‌ಗುಡಲು, ಒಳಗೆ ನಿಜವಾದ ಸ್ಪ್ರಿಂಗುಗಳಿವೆ. ಕಸ ಗುಡಿಸುವಾಗ ಪೊರಕೆ ತಗುಲಿದರೆ ಮನೆಯೊಳಗೇ ಸಿಡಿಲು ಹೊಡೆಯುತ್ತದೆ, ಅಷ್ಟೇ. ಇನ್ನು ತೂಕದ ಮಾತು ಬೇಡ. ಎರಡು ಟ್ರಾನ್ಸ್‌ಫಾರ್ಮರ್ ಹೊತ್ತ ಪೆಟ್ಟಿಗೆ. ಮೆಟ್ಟಿಲು ಹತ್ತಿಸಿದ ದಿನದಿಂದ ವಾಚ್‌ಮನ್ ನನ್ನ ಕಂಡರೆ ಫೋನ್ ಕಿವಿಗಿಡುತ್ತಾನೆ.

ಆದರೆ ಈ ಆಕಾಶವಾಣಿ? ದಿನಾ ಬೆಳಗ್ಗೆ ಸಂಸ್ಕೃತ ವಾರ್ತೆ, ಆಮೇಲೆ ಕನ್ನಡ ವಾರ್ತೆ, ಸಂಜೆ ರೈತರಿಗೆ ಸಲಹೆ. ನನ್ನ ಗಿಟಾರ್ ಸೋಲೋ ನಡುವೆ ತೆಂಗಿನ ನುಸಿ ರೋಗ. ಅಮ್ಮ ಕುರ್ಚಿ ಎಳೆದುಕೊಂಡು ಕೂರತೊಡಗಿದಳು. "ಆಕಾಶವಾಣಿ ಅನ್ನೋ ಹೆಸರೇ ನಮ್ಮ ಮೈಸೂರಿಂದು ಕಣೋ. 1935ರಲ್ಲಿ ಪ್ರೊಫೆಸರ್ ಗೋಪಾಲಸ್ವಾಮಿಯವರು ಮನೇಲೇ ರೇಡಿಯೋ ಕೇಂದ್ರ ಶುರು ಮಾಡಿದ್ದು. ನೀನು ಆ ಟೊಂಯ್ ಟೊಂಯ್ ಸ್ವಲ್ಪ ನಿಲ್ಸು."

ತಡೆಯಲಾಗದೆ ಎಸ್.ಪಿ. ರೋಡಿನ ರಿಪೇರಿಯವರ ಹತ್ತಿರ ಹೊತ್ತುಕೊಂಡು ಹೋದೆ. ಅವರು ಒಳಗೆ ಇಣುಕಿ ನಕ್ಕರು. ರೇಡಿಯೋ ಅಲೆಗಳನ್ನು ತಡೆಯಲು ಮೊದಲ ವಾಲ್ವಿನ ಬಾಯಿಗೇ ಅಂಟಿಕೊಂಡಂತೆ ಇರಬೇಕಾದ 68 ಕಿಲೋ ಓಮ್ ರೆಸಿಸ್ಟರನ್ನು ಜೋಡಿಸಿದವರು ದೂರ, ಗಿಟಾರ್ ವೈರ್ ಚುಚ್ಚುವ ಜಾಕ್ ಹತ್ತಿರ ಹಾಕಿದ್ದರಂತೆ. ಅಲ್ಲಿಂದ ವಾಲ್ವ್‌ವರೆಗೆ ಒಂದು ಗೇಣು ಬರಿ ವೈರ್. ಅದೇ ಆಂಟೆನಾ. ವಾಲ್ವೇ ರೇಡಿಯೋ. 612 ಕಿಲೋಹರ್ಟ್ಸ್‌ನ ಬೆಂಗಳೂರು ಕೇಂದ್ರ ಊರಲ್ಲೇ ಇರುವಾಗ ಇನ್ನೇನು ಬೇಕು? "ಗಿಟಾರ್ ಆಂಪ್ ಆಗಿ ಫೇಲು ಸಾರ್, ರೇಡಿಯೋ ಆಗಿ ಫಸ್ಟ್ ಕ್ಲಾಸು" ಅಂದರು. ಹತ್ತು ನಿಮಿಷದಲ್ಲಿ ರೆಸಿಸ್ಟರ್ ಜಾಗ ಬದಲಾಯಿತು. ಅದು ಐವತ್ತು ಪೈಸೆ ಮಾಲು. ಆಟೋಗೆ ಮಾತ್ರ ಹೋಗಿ ಬರಲು ಆರುನೂರು.

ಮರುದಿನ ಏಳಕ್ಕೆ ಐದು ನಿಮಿಷ. ಆಂಪ್ ಆನ್ ಮಾಡಿದೆ. ಸದ್ದಿಲ್ಲ. ಖುಷಿಯಲ್ಲಿ ಎಲ್ಲ ತಂತಿ ಸೇರಿಸಿ ಒಂದು ಇ ಕಾರ್ಡ್ ಬಾರಿಸಿದೆ. ಅಮ್ಮ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡಳು.

"ಕೆಡಿಸ್ಕೊಂಡು ಬಂದ್ಯಲ್ಲೋ. ಮೊದಲಿನ ಹಾಗೆ ಮಾಡಿಕೊಡೋಕೆ ಎಷ್ಟು ತಗೋತಾರಂತೆ ಅವರು?"